ಹಳೆಯ ಲ್ಯಾಪ್‌ಟಾಪಿಗೆ ಯಾವ ಲಿನಕ್ಸ್? ಉಬುಂಟು, ಫೆಡೋರಾ, ಡೆಬಿಯನ್, ಮಿಂಟ್: ಒಂದು ಹೋಲಿಕೆ

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದ, ಆದರೆ ಬೇರೇನೂ ಕೆಟ್ಟಿಲ್ಲದ ಗಣಕಗಳು ಎಷ್ಟೋ ಮನೆಗಳಲ್ಲಿವೆ. ನಮ್ಮಲ್ಲಿಯೂ ಅಂಥದೊಂದು ಲ್ಯಾಪ್‌ಟಾಪ್ ಇದ್ದು, ಅದರ ರ‍್ಯಾಮ್ 4 ಜಿಬಿ. ಅದರಲ್ಲಿ ಉಬುಂಟು 24.04, ಫೆಡೋರಾ ವರ್ಕ್‌ಸ್ಟೇಷನ್, ಡೆಬಿಯನ್ 13 ಮತ್ತು ಲಿನಕ್ಸ್ ಮಿಂಟ್ 22 ಎಂಬ, ವಿಂಡೋಸ್ ಬದಲಿಗೆ ಹಾಕಬಹುದಾದ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ಈ ನಾಲ್ಕು ವಿತರಣೆಗಳನ್ನೂ ಒಂದಾದ ಮೇಲೊಂದರಂತೆ ಹಾಕಿ, ಮನೆಮಂದಿಗೆಲ್ಲ ಬಳಸಲು ಕೊಟ್ಟು ನೋಡಿದ್ದೇನೆ. ತೆರೆಯ ಅಂದಚಂದಕ್ಕಿಂತ, ಒಮ್ಮೆ ಸ್ಥಾಪಿಸಿಕೊಟ್ಟ ಮೇಲೆ ಮನೆಯವರು ಸಹಾಯಕ್ಕಾಗಿ ನನ್ನನ್ನು ಎಷ್ಟು ಕಡಿಮೆ ಕರೆಯುತ್ತಾರೆ ಎಂಬುದನ್ನೇ ಅಳತೆಗೋಲಾಗಿ ಇಟ್ಟುಕೊಂಡಿದ್ದೆ.

ಉಬುಂಟುವಿನ ಸ್ಥಾಪನೆ ಸರಾಗವಾಗಿ ಮುಗಿಯುತ್ತದೆ. ಅಂತರಜಾಲದಲ್ಲಿ ಯಾವ ತೊಡಕಿಗೆ ಪರಿಹಾರ ಹುಡುಕಿದರೂ ಮೊದಲು ಸಿಗುವುದು ಉಬುಂಟುವಿನದೇ ಉತ್ತರ. 24.04 ಐದು ವರ್ಷಗಳ ಬೆಂಬಲವುಳ್ಳ ಆವೃತ್ತಿಯಾಗಿದ್ದು, ಮನೆಬಳಕೆಯ ಐದು ಗಣಕಗಳವರೆಗೆ ಉಬುಂಟು ಪ್ರೊ ಸೇವೆಯೂ ಉಚಿತವಾಗಿ ದೊರೆಯುವುದರಿಂದ ಭದ್ರತಾ ಪರಿಷ್ಕರಣೆಗಳು ಒಟ್ಟು ಹತ್ತು ವರ್ಷ ಸಿಗುತ್ತವೆ. ಆದರೆ ಗ್ನೋಮ್ ಎಂಬ ಅದರ ಮೇಜುತೆರೆಗೆ (ಡೆಸ್ಕ್‌ಟಾಪ್) 4 ಜಿಬಿ ಎಂಬುದು ಅಂಚಿನ ಮಾತು: ಬ್ರೌಸರಿನಲ್ಲಿ ಏಳೆಂಟು ಪುಟ ತೆರೆದು, ಜೊತೆಗೆ ಲಿಬ್ರೆ ಆಫೀಸ್ ಇಟ್ಟುಕೊಂಡರೆ ಗಣಕ ಏದುಸಿರು ಬಿಡತೊಡಗುತ್ತದೆ. ಫೈರ್‌ಫಾಕ್ಸ್ ಬ್ರೌಸರ್ ಸ್ನ್ಯಾಪ್ ಎಂಬ ಉಬುಂಟುವಿನದೇ ಪ್ಯಾಕೇಜ್ ರೂಪದಲ್ಲಿ ಬರುವುದರಿಂದ, ಗಣಕ ಚಾಲೂ ಮಾಡಿದ ನಂತರ ಅದು ಮೊದಲ ಸಲ ತೆರೆಯುವುದೂ ನಿಧಾನ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದ ಮೇಲೆ ಈ ನಿಧಾನ ಬಹುಮಟ್ಟಿಗೆ ಹೋಯಿತು. ನಿಜ ಹೇಳಬೇಕೆಂದರೆ, ನಾಲ್ಕು ವಿತರಣೆಗಳ ನಡುವೆ ವೇಗದಲ್ಲಿ ಕಂಡ ವ್ಯತ್ಯಾಸಕ್ಕಿಂತ ಆ ಒಂದು ಬಿಡಿಭಾಗ ಬದಲಿಸಿದಾಗ ಕಂಡ ವ್ಯತ್ಯಾಸವೇ ದೊಡ್ಡದು.

ಫೆಡೋರಾ ನನಗೆ ಇಷ್ಟವಾಯಿತು, ಮನೆಗೆ ಒಗ್ಗಲಿಲ್ಲ. ಹೊಸ ಕರ್ನೆಲ್ (ವ್ಯವಸ್ಥೆಯ ತಿರುಳು), ಹೊಸ ಗ್ನೋಮ್ ಎಲ್ಲವೂ ಅದರಲ್ಲಿ ಬೇಗ ಬರುತ್ತವೆ. ಆದರೆ ಆರು ತಿಂಗಳಿಗೊಂದು ಆವೃತ್ತಿ, ಪ್ರತಿ ಆವೃತ್ತಿಗೂ ಸುಮಾರು ಹದಿಮೂರು ತಿಂಗಳ ಬೆಂಬಲ ಎಂಬ ಅದರ ಪಂಚಾಂಗದಲ್ಲಿ ವರ್ಷಕ್ಕೊಮ್ಮೆಯಾದರೂ ಹೊಸ ಆವೃತ್ತಿಗೆ ಏರಿಸುವ ದೊಡ್ಡ ಕೆಲಸವನ್ನು ಯಾರಾದರೂ ಮಾಡಲೇಬೇಕು. ಪೇಟೆಂಟುಗಳ ಕಾರಣಕ್ಕೆ ಕೆಲವು ವಿಡಿಯೊ ಕೋಡೆಕ್‌ಗಳನ್ನು (ವಿಡಿಯೊ ಬಿಚ್ಚಿ ತೋರಿಸುವ ತಂತ್ರಾಂಶಗಳನ್ನು) ಅದು ಒಳಗೊಂಡಿಲ್ಲವಾದ್ದರಿಂದ, ಆರ್‌ಪಿಎಂ ಫ್ಯೂಷನ್ ಎಂಬ ತಂತ್ರಾಂಶ ಭಂಡಾರವನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕಾಗುತ್ತದೆ.

ಡೆಬಿಯನ್ 1993ರಲ್ಲಿ ಆರಂಭವಾದ, ಸ್ವಯಂಸೇವಕರೇ ನಡೆಸುವ ಯೋಜನೆ. ಉಬುಂಟುವಿಗೂ ಅದೇ ಬುನಾದಿ. 2023ರ ಡೆಬಿಯನ್ 12ರಿಂದೀಚೆಗೆ ಮುಕ್ತವಲ್ಲದ ಫರ್ಮ್‌ವೇರ್ (ವೈಫೈ ಚಿಪ್ಪಿನಂಥ ಯಂತ್ರಾಂಶಕ್ಕೆ ಬೇಕಾದ ಒಳತಂತ್ರಾಂಶ) ಕೂಡ ಅಧಿಕೃತ ಸ್ಥಾಪಕದಲ್ಲಿಯೇ ಇರುವುದರಿಂದ, ವೈಫೈಗಾಗಿ ಇನ್ನೊಂದು ಪೆನ್‌ಡ್ರೈವ್ ಹುಡುಕುತ್ತಿದ್ದ ಹಿಂದಿನ ಪರದಾಟ ಬಹಳಷ್ಟು ತಪ್ಪಿದೆ. ಎಕ್ಸ್‌ಎಫ್‌ಸಿಇ ಎಂಬ ಮೇಜುತೆರೆಯನ್ನು ಆರಿಸಿಕೊಂಡರೆ 4 ಜಿಬಿಯಲ್ಲಿ ಅದು ಹಗುರವಾಗಿ ಓಡುತ್ತದೆ, ನಡುವೆ ಏನೂ ಬದಲಾಗುವುದಿಲ್ಲ. ಆದರೂ ಅದು ಬಳಸುವವರಿಂದ ಸ್ವಲ್ಪ ತಿಳಿವಳಿಕೆಯನ್ನು ನಿರೀಕ್ಷಿಸುತ್ತದೆ. ಸ್ಥಾಪಿಸುವಾಗ ರೂಟ್ (ಮುಖ್ಯ ನಿರ್ವಾಹಕ) ಗುಪ್ತಪದವನ್ನು ಕೊಟ್ಟರೆ ಮೊದಲ ಬಳಕೆದಾರನಿಗೆ ಸುಡೊ ಅಧಿಕಾರ (ನಿರ್ವಾಹಕನ ಕೆಲಸ ಮಾಡುವ ಅನುಮತಿ) ದೊರೆಯುವುದಿಲ್ಲ, ಖಾಲಿ ಬಿಟ್ಟರೆ ಮಾತ್ರ ದೊರೆಯುತ್ತದೆ. ಇಂಥ ಸಂಗತಿಗಳನ್ನು ಹೊಸಬರು ಊಹಿಸಲಾರರು. 32 ಬಿಟ್‌ನ ಹಳೆಯ ಗಣಕ ಉಳ್ಳವರು, ಡೆಬಿಯನ್ 13ರಲ್ಲಿ ಅದಕ್ಕೆ ಸ್ಥಾಪಕವೇ ಇಲ್ಲವೆಂಬುದನ್ನೂ ಗಮನಿಸಬೇಕು.

ಮಿಂಟ್ 22 ಉಬುಂಟು 24.04ರ ಮೇಲೆಯೇ ನಿಂತಿದ್ದು, 2029ರವರೆಗೆ ಬೆಂಬಲವಿದೆ. ಸ್ನ್ಯಾಪ್ ಅನ್ನು ಮಾತ್ರ ಅದು ತಾನಾಗಿ ಒಳಬಿಡುವುದಿಲ್ಲ. ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ ಎಂಬ ಮೂರು ರೂಪಗಳಲ್ಲಿ ಈ ಲ್ಯಾಪ್‌ಟಾಪಿಗೆ ಎಕ್ಸ್‌ಎಫ್‌ಸಿಇ ಹೊಂದಿತು. ಕೆಳಗೆ ಪಟ್ಟಿ, ಎಡಮೂಲೆಯಲ್ಲಿ ಮೆನು ಇರುವುದರಿಂದ ವಿಂಡೋಸ್ ಬಳಸಿ ಅಭ್ಯಾಸವಾದವರು ಏನನ್ನೂ ಹೊಸದಾಗಿ ಕಲಿಯಬೇಕಾಗಲಿಲ್ಲ. ಬೇರೆ ಡ್ರೈವರ್ ಬೇಡುವ ಹಳೆಯ ವೈಫೈ ಚಿಪ್ಪಿಗೆ ಡ್ರೈವರ್ ಮ್ಯಾನೇಜರ್ ಎಂಬ ಸಲಕರಣೆ ಇದೆ. ವ್ಯವಸ್ಥೆಯ ಪ್ರತಿ ತೆಗೆದಿಡುವ ಟೈಮ್‌ಶಿಫ್ಟ್ ಆನ್ ಮಾಡಿಟ್ಟರೆ, ಯಾವುದೋ ಪರಿಷ್ಕರಣೆಯಿಂದ ವ್ಯವಸ್ಥೆ ಹದಗೆಟ್ಟಾಗ ನಿಮ್ಮ ಸ್ವಂತ ಕಡತಗಳನ್ನು ಮುಟ್ಟದೆ ಹಿಂದಿನ ಸ್ಥಿತಿಗೆ ಮರಳಬಹುದು. ನನ್ನ ಅಳತೆಗೋಲಿನಲ್ಲಿ ಉಳಿದ ಮೂರನ್ನೂ ಮಿಂಟ್ ಹಿಂದೆ ಹಾಕಿದ್ದು ಈ ಸಣ್ಣ ಅನುಕೂಲಗಳಿಂದಲೇ. ಹಾಗಾಗಿ ಲ್ಯಾಪ್‌ಟಾಪಿನಲ್ಲಿ ಈಗ ಉಳಿದಿರುವುದೂ ಅದೇ.

ಕನ್ನಡ ಬೆರಳಚ್ಚಿನ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಇಲ್ಲಿ ನಾಲ್ಕೂ ಹೆಚ್ಚು ಕಡಿಮೆ ಒಂದೇ, ತೊಡಕು ಬೇರೆಡೆ ಇದೆ. ಅಕ್ಷರಗಳು ಎಲ್ಲದರಲ್ಲೂ ಸರಿಯಾಗಿ ಮೂಡುತ್ತವೆ. ಡೆಬಿಯನ್ ಭಂಡಾರದಲ್ಲಿ ಗುಬ್ಬಿ, ನವಿಲು ಫಾಂಟುಗಳೂ ಇವೆ. ಆದರೆ ಕೀಲಿಮಣೆಯ ಪಟ್ಟಿಯಲ್ಲಿ ಕಾಣುವ ಕಗಪ ವಿನ್ಯಾಸವನ್ನು ನೇರವಾಗಿ ಆರಿಸಿಕೊಂಡವರು, ನುಡಿ ತಂತ್ರಾಂಶದಲ್ಲಿ ಪಳಗಿದ ಬೆರಳಿಗೆ ಅದು ಏಕೆ ಹೊಂದುತ್ತಿಲ್ಲವೆಂದು ತಲೆ ಕೆರೆದುಕೊಳ್ಳುತ್ತಾರೆ. ಆ ವಿನ್ಯಾಸದಲ್ಲಿ ಗುಣಿತದ ಚಿಹ್ನೆ ಒಂದು ಕೀಲಿಯಲ್ಲಿದ್ದರೆ, ಪದದ ಮೊದಲಿನ ಸ್ವರಕ್ಕೆ ಬಲಗಡೆಯ ಆಲ್ಟ್ ಕೀಲಿಯನ್ನೂ ಒತ್ತಬೇಕು. ಇದರ ಬದಲು ಐಬಸ್ ಎಂಬ ಬೆರಳಚ್ಚು ತಂತ್ರಾಂಶ ಮತ್ತು ಅದರ ಎಂ17ಎನ್ ಪ್ಯಾಕೇಜನ್ನು ಹಾಕಿಕೊಂಡು ಅದರಲ್ಲಿರುವ ಕೆಜಿಪಿ (ಕಗಪ) ವಿಧಾನವನ್ನು ಆರಿಸಿದರೆ, ಸಂದರ್ಭ ನೋಡಿ ಸ್ವರವೋ ಗುಣಿತವೋ ತಾನಾಗಿಯೇ ಮೂಡುತ್ತದೆ. ಮಿಂಟ್‌ನಲ್ಲಿ ಇದನ್ನು ಕೈಯಾರೆ ಸೇರಿಸಿ, ಒಮ್ಮೆ ಲಾಗ್ ಔಟ್ ಆಗಿ ಬರಬೇಕು. ಈ ಒಂದು ವಿಷಯದಲ್ಲಿ ಐಬಸ್ ಅನ್ನು ಗ್ನೋಮ್ ಜೊತೆ ಬೆಸೆದುಕೊಂಡಿರುವ ಫೆಡೋರಾ ಹೆಚ್ಚು ಸಲೀಸು.

ವಿಂಡೋಸ್ ಅಳಿಸುವ ಮುನ್ನ, ಯೂನಿಕೋಡಿಗಿಂತ ಹಿಂದಿನ ನುಡಿ ಅಥವಾ ಬರಹ ಫಾಂಟುಗಳಲ್ಲಿ ಸಿದ್ಧಪಡಿಸಿದ ಕಡತಗಳಿದ್ದರೆ ಅವನ್ನು ಆ ತಂತ್ರಾಂಶಗಳು ಕೈಯಲ್ಲಿರುವಾಗಲೇ ಯೂನಿಕೋಡಿಗೆ ಪರಿವರ್ತಿಸಿಟ್ಟುಕೊಳ್ಳಿ. ಲಿನಕ್ಸ್‌ನಲ್ಲಿ ಹಾಗೆಯೇ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲುಗಳು ಕಾಣುತ್ತವೆ, ಮತ್ತು ಯಾವ ವಿತರಣೆಯನ್ನು ಆರಿಸಿಕೊಂಡರೂ ಇದು ತಪ್ಪುವುದಿಲ್ಲ.