ಕ್ಯಾಮೆರಾ ನಮ್ಮ ಗೋಡೆ ಮೇಲೆ, ಖಾತೆ ಅಂಗಡಿಯವನ ಫೋನಲ್ಲಿ. ತುಮಕೂರಿನವರು ಹುಷಾರು!

ತುಮಕೂರಲ್ಲಿ ಮನೆಗೆ ಸಿಸಿಟಿವಿ ಹಾಕಿಸ್ತಿರೋರು, ಹಾಕಿಸಿ ಮಾತಿಗೆ ಓಗೊಡೋ ಅಲೆಕ್ಸಾಗೋ ಗೂಗಲ್ ಹೋಮ್‌ಗೋ ಜೋಡಿಸೋಕೆ ಒದ್ದಾಡ್ತಿರೋರು, ಬೇರೆ ಕೆಲಸ ಬಿಟ್ಟು ಈಗಲೇ ಕ್ಯಾಮೆರಾ ಆ್ಯಪ್ ತೆಗೆಯಿರಿ. ಕ್ಯಾಮೆರಾ ಹೆಸರಿನ ಪಕ್ಕದಲ್ಲೋ ಕೆಳಗೋ ಸಣ್ಣಕ್ಷರದಲ್ಲಿ 'ಶೇರ್ಡ್' (ಬೇರೆಯವರ ಖಾತೆಯಿಂದ ಹಂಚಿದ್ದು) ಅಂತ ಇದೆಯಾ? ಇದ್ದರೆ ಆ ಕ್ಯಾಮೆರಾಗೆ ಯಜಮಾನರು ನೀವಲ್ಲ. ದುಡ್ಡು ನಿಮ್ಮದು, ಗೋಡೆ ನಿಮ್ಮದು, ಬೆಸ್ಕಾಂ ಬಿಲ್ಲೂ ನಿಮ್ಮದೇ. ಯಜಮಾನ ಮಾತ್ರ ಡ್ರಿಲ್ಲಿಂಗ್ ಮಷೀನ್ ಹಿಡ್ಕೊಂಡು ಬಂದ ಹುಡುಗ, ಇಲ್ಲಾ ಅವನನ್ನು ಕಳಿಸಿದ ಅಂಗಡಿಯವನು.

ನಮಗೆ ಆಗಿದ್ದು ಇದೇ. ಅಂಗಡಿ ಹೆಸರು ಬರೆಯಲ್ಲ. ಇದು ಒಂದೇ ಅಂಗಡಿಯ ಚಾಳಿ ಅಂತ ನನಗನ್ನಿಸೋದಿಲ್ಲ.

ಮಾರುವಾಗ ಬೆಣ್ಣೆ ಮಾತು. "ಅಲೆಕ್ಸಾ, ಗೂಗಲ್ ಎಲ್ಲಾ ಕನೆಕ್ಟ್ ಆಗುತ್ತೆ ಸಾರ್, ಡಬ್ಬದ ಮೇಲೇ ಹಾಕಿದಾರಲ್ಲ." ಡಬ್ಬದ ಮೇಲೆ ಇದ್ದದ್ದು ನಿಜ. ಅಲೆಕ್ಸಾದಲ್ಲಿ ಆ ಬ್ರ್ಯಾಂಡಿನ ಸ್ಕಿಲ್ (ಅಲೆಕ್ಸಾಗೆ ಸೇರಿಸೋ ಪುಟ್ಟ ಆ್ಯಪ್) ಆನ್ ಮಾಡಿ, ಲಾಗಿನ್ ಕೊಟ್ಟು, ಖಾತೆ ಲಿಂಕ್ ಆಯ್ತು ಅಂತಲೂ ಬಂತು. ಆಮೇಲೆ ಡಿವೈಸ್ ಹುಡುಕು ಅಂದ್ರೆ ಒಂದೂ ಸಿಗಲ್ಲ. ಫೋನಿನ ಆ್ಯಪ್‌ನಲ್ಲಿ ಗೇಟು, ಹಾಲ್ ಎಲ್ಲಾ ಕನ್ನಡಿ ಥರ ಕಾಣ್ತಿದೆ, ಅಲೆಕ್ಸಾಗೆ ಮಾತ್ರ ಕ್ಯಾಮೆರಾನೇ ಇಲ್ಲ!

ಅಂಗಡಿಯವನ ಮೊದಲ ಉತ್ತರ: "ನಿಮ್ ವೈಫೈ ವೀಕ್ ಸಾರ್." ಹಾಗಂತ ಒಂದು ಡ್ಯುಯಲ್ ಬ್ಯಾಂಡ್ (2.4, 5 ಗಿಗಾಹರ್ಟ್ಸ್ ಎರಡೂ ಕೊಡೋ) ರೂಟರ್ ತಂದು ಕಟ್ಟಿದ. ಆ ಕ್ಯಾಮೆರಾ ಹಿಡಿಯೋದೇ 2.4 ಗಿಗಾಹರ್ಟ್ಸ್, 5 ಗಿಗಾಹರ್ಟ್ಸ್ ತಗೊಂಡು ಅದೇನು ಮಾಡುತ್ತೆ? ಅದಕ್ಕಿಂತ ಮುಖ್ಯ, ಅಲೆಕ್ಸಾ ಈ ಥರ ಕ್ಲೌಡ್ ಕ್ಯಾಮೆರಾ ಹುಡುಕೋದು ನಿಮ್ಮ ಮನೆಯ ವೈಫೈನಲ್ಲಿ ಅಲ್ಲ. ಅಮೆಜಾನ್ ಸರ್ವರ್ ಕ್ಯಾಮೆರಾ ಕಂಪನಿಯ ಸರ್ವರನ್ನು ಕೇಳುತ್ತೆ, ಈ ಖಾತೆಯಲ್ಲಿ ಏನೇನಿದೆ ಅಂತ. ಪಟ್ಟಿ ಬರೋದು ಖಾತೆಯಿಂದ. ಬೇರೆಯವರು ಶೇರ್ ಮಾಡಿದ ಕ್ಯಾಮೆರಾಗಳನ್ನು ಎಷ್ಟೋ ಕಂಪನಿಗಳು ಆ ಪಟ್ಟಿಗೆ ಸೇರಿಸೋದೇ ಇಲ್ಲ. ಹಾಗಾಗಿ ಆ್ಯಪ್‌ನಲ್ಲಿ ಲೈವ್ ಬಂದು ಅಲೆಕ್ಸಾ ಪಟ್ಟಿಯಲ್ಲಿ ಹೆಸರೇ ಬರದಿದ್ದರೆ ಮೊದಲು ನೋಡಬೇಕಾದ್ದು ಖಾತೆ. ರೂಟರ್ ಅಲ್ಲ!

ಹೆಸರು ಬಂದು ಚಿತ್ರ ಮಾತ್ರ ತೆರೆಯದಿದ್ದರೆ ಅದು ಬೇರೆ ಕಾಯಿಲೆ. ವಿಡಿಯೊ ಕುಗ್ಗಿಸೋ ವಿಧಾನ ಎಚ್.265 ಇದ್ದರೆ ಎಚ್.264ಕ್ಕೆ ಇಳಿಸಿ, ರೆಸಲ್ಯೂಶನ್ ಕಡಿಮೆ ಮಾಡಿ. ಕೆಲವು ಬ್ರ್ಯಾಂಡ್‌ಗಳಲ್ಲಿ ವಿಡಿಯೊ ಎನ್‌ಕ್ರಿಪ್ಶನ್ ಆಫ್ ಮಾಡದೆ ಅಲೆಕ್ಸಾ ಸ್ಕ್ರೀನಿಗೆ ಚಿತ್ರ ಬರಲ್ಲ. ಆದರೆ ಈ ಯಾವ ಸೆಟ್ಟಿಂಗೂ ಸಾಮಾನ್ಯವಾಗಿ ಶೇರ್ಡ್ ಖಾತೆಗೆ ಕಾಣೋದಿಲ್ಲ, ನೆನಪಿರಲಿ.

ಗುಟ್ಟು ಬಯಲಾಗಿದ್ದೂ ಅಲ್ಲೇ. ಸೆಟ್ಟಿಂಗ್ಸ್ ಪುಟದಲ್ಲಿ ಫರ್ಮ್‌ವೇರ್ ಅಪ್‌ಡೇಟ್ ಇಲ್ಲ, ಮೆಮೊರಿ ಕಾರ್ಡ್ ಫಾರ್ಮ್ಯಾಟ್ ಇಲ್ಲ, ವೈಫೈ ಬದಲಿಸೋ ಜಾಗವೇ ಇಲ್ಲ. ಇದ್ದದ್ದು ಕ್ಯಾಮೆರಾ ಹೆಸರು, ಅದರ ಕೆಳಗೆ ಮಾಲೀಕರ ಮೊಬೈಲ್ ನಂಬರ್. ನಡುವೆ ಚುಕ್ಕಿ ಹಾಕಿ ಕೊನೆಯ ಅಂಕಿಗಳನ್ನಷ್ಟೇ ತೋರಿಸಿದ್ದರು. ಅಂಗಡಿಯ ವಿಸಿಟಿಂಗ್ ಕಾರ್ಡ್ ಪಕ್ಕದಲ್ಲಿಟ್ಟು ನೋಡಿದರೆ ಅದೇ ಅಂಕಿಗಳು. ಹಾಲ್‌ನ ಕ್ಯಾಮೆರಾದಲ್ಲಿ ನಮ್ಮಜ್ಜಿ ಮಲಗೋ ದಿವಾನ ಕಾಣುತ್ತೆ. ಇಷ್ಟು ದಿನ ಅದು ಯಾರ ಫೋನಲ್ಲಿತ್ತು? ಮನೆಯವರಿಗೆ ಹೇಳೋಕೂ ನಾಚಿಕೆ, ಸುಮ್ಮನಿರೋಕೂ ಆಗಲ್ಲ.

ಕೇಳಿದ್ದಕ್ಕೆ ಬಂದ ಉತ್ತರಗಳು ನೋಡಿ. "ಎಲ್ರಿಗೂ ಹಂಗೇ ಮಾಡ್ಕೊಡೋದು ಸಾರ್." "ನಿಮ್ಗೆ ಪಾಸ್‌ವರ್ಡ್ ಮರೆತ್ರೆ ನಾವೇ ತಾನೇ ಬರ್ಬೇಕು?" "ನಾವೇನ್ ಕೂತ್ಕೊಂಡು ನಿಮ್ಮನೆ ನೋಡ್ತೀವಾ?" ಕೊನೆಗೆ ಅಸಲಿ ಮಾತು: "ಎಎಂಸಿ ತಗೊಳ್ಳಿ ಸಾರ್, ಟ್ರಾನ್ಸ್‌ಫರ್ ಮಾಡ್ಕೊಡೋಣ." ಎಎಂಸಿ ಅಂದ್ರೆ ವಾರ್ಷಿಕ ನಿರ್ವಹಣೆ ಒಪ್ಪಂದ. ಒಟ್ಟಿನಲ್ಲಿ ನಮ್ಮ ಕ್ಯಾಮೆರಾನ ನಮಗೇ ಬಿಟ್ಟುಕೊಡೋಕೆ ವರ್ಷಾ ವರ್ಷಾ ಕಪ್ಪಕಾಣಿಕೆ!

ರೀಸೆಟ್ ಬಟನ್ ಒತ್ತಿದರೆ ಸರಿಹೋಗುತ್ತೆ ಅಂತ ಯಾರಾದರೂ ಹೇಳಿದರೆ ಕಣ್ಮುಚ್ಚಿ ನಂಬಬೇಡಿ. ರೀಸೆಟ್ ಅಳಿಸೋದು ಕ್ಯಾಮೆರಾದೊಳಗಿನ ವೈಫೈ, ಪಾಸ್‌ವರ್ಡ್ ಇಂಥದ್ದನ್ನು. ಸೀರಿಯಲ್ ನಂಬರಿಗೆ ಗಂಟು ಹಾಕಿದ ಖಾತೆ ಕಂಪನಿ ಸರ್ವರ್‌ನಲ್ಲಿರುತ್ತೆ. ರೀಸೆಟ್ ಮಾಡಿ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಎಷ್ಟೋ ಬ್ರ್ಯಾಂಡ್‌ಗಳಲ್ಲಿ 'ಈಗಾಗಲೇ ಬೇರೆ ಖಾತೆಗೆ ಸೇರಿದೆ' ಅಂತಲೇ ಬರುತ್ತೆ. ಹಾಗೆ ಬಂದರೆ ದಾರಿ ಎರಡೇ: ಹಳೆಯ ಖಾತೆಯಿಂದ ಅವನೇ ಡಿಲೀಟ್ ಮಾಡಬೇಕು, ಇಲ್ಲಾ ಬ್ರ್ಯಾಂಡ್‌ನ ಕಸ್ಟಮರ್ ಕೇರ್ ಅನ್‌ಬೈಂಡ್ ಮಾಡಿ ಆ ಗಂಟು ಬಿಚ್ಚಿಕೊಡಬೇಕು. ಕಸ್ಟಮರ್ ಕೇರ್‌ನವರು ಕ್ಯಾಮೆರಾ ಲೇಬಲ್‌ನ ಫೋಟೊ ಕೇಳ್ತಾರೆ, ಬಿಲ್ ಕೇಳ್ತಾರೆ. ಬಿಲ್ ಎಲ್ಲಿ? ಅವನು ಕೊಟ್ಟಿದ್ದು 'ಎಸ್ಟಿಮೇಟ್' ಅಂತ ಬರೆದ ಬಿಳಿ ಚೀಟಿ. ಜಿಎಸ್‌ಟಿ ನಂಬರಿಲ್ಲ, ಸೀರಿಯಲ್ ನಂಬರಿಲ್ಲ. ಬಿಲ್ ಬೇಕು ಅಂದ್ರೆ "18 ಪರ್ಸೆಂಟ್ ಎಕ್ಸ್‌ಟ್ರಾ ಆಗುತ್ತೆ ಸಾರ್, ಸುಮ್ನೆ ಯಾಕೆ" ಅಂದಿದ್ದ ಪುಣ್ಯಾತ್ಮ.

ಕ್ಲೌಡೇ ಬೇಡ, ಮನೆಯ ಕಂಪ್ಯೂಟರಲ್ಲೇ ಓಡೋ ಹೋಮ್ ಅಸಿಸ್ಟೆಂಟ್ ಸಾಫ್ಟ್‌ವೇರ್‌ಗೆ ನೇರವಾಗಿ ಆರ್‌ಟಿಎಸ್‌ಪಿ (ಕ್ಯಾಮೆರಾದಿಂದ ನೇರ ವಿಡಿಯೊ ಕಳಿಸೋ ವಿಧಾನ) ಕೊಡ್ತೀನಿ ಅನ್ನೋರಿಗೂ ಒಂದೆರಡು ಮಾತು. ಅಲ್ಲಿ ಬೇಕಾದ್ದು ಕ್ಯಾಮೆರಾದ ಐಪಿ (ನೆಟ್‌ವರ್ಕ್‌ನಲ್ಲಿ ಅದರ ವಿಳಾಸ), ಪೋರ್ಟ್ (ಸಾಮಾನ್ಯವಾಗಿ 554), ಯೂಸರ್ ನೇಮ್, ಪಾಸ್‌ವರ್ಡ್. ಇಲ್ಲಿನ ಹುಡುಗರು ಹಾಕೋ ಪಾಸ್‌ವರ್ಡ್ ನಿಮಗೇ ಗೊತ್ತು, ಅಡ್ಮಿನ್@123. ಆ '@' ಆರ್‌ಟಿಎಸ್‌ಪಿ ವಿಳಾಸದೊಳಗೆ ಹಾಗೇ ಹೋದರೆ ವಿಳಾಸ ಎರಡು ತುಂಡಾಗುತ್ತೆ, ಪಾಸ್‌ವರ್ಡ್ ಸರಿಯಿದ್ದರೂ ಕನೆಕ್ಟ್ ಆಗಲ್ಲ. ಅದರ ಜಾಗದಲ್ಲಿ %40 ಅಂತ ಬರೆಯಿರಿ, ಇಲ್ಲಾ ಪಾಸ್‌ವರ್ಡೇ ಬದಲಿಸಿ, ಅದೇ ಒಳ್ಳೇದು. ಎನ್‌ವಿಆರ್‌ನ (ರೆಕಾರ್ಡಿಂಗ್ ಡಬ್ಬ) ಹಿಂದಿರೋ ಪಿಒಇ (ಒಂದೇ ತಂತಿಯಲ್ಲಿ ಕರೆಂಟೂ ನೆಟ್‌ವರ್ಕೂ ಕೊಡೋ) ಪೋರ್ಟಿಗೇ ಕ್ಯಾಮೆರಾ ಚುಚ್ಚಿದ್ದರೆ ಅದು ಸಾಮಾನ್ಯವಾಗಿ ಎನ್‌ವಿಆರ್‌ನ ಒಳಗಿನ ಬೇರೆ ನೆಟ್‌ವರ್ಕ್‌ನಲ್ಲಿರುತ್ತೆ. ಮನೆಯ ರೂಟರ್‌ನಲ್ಲಿ ಅದರ ಐಪಿ ಹುಡುಕಿ ಪ್ರಯೋಜನ ಇಲ್ಲ, ಎನ್‌ವಿಆರ್‌ನ ಐಪಿ ಕೊಟ್ಟು ಚಾನೆಲ್ ನಂಬರಿನಿಂದ ತಗೊಳ್ಳಿ.

ಕರೆಂಟ್ ಹೋಗಿ ಬಂದ ಮೇಲೆ ಮಾತ್ರ ಕಟ್ ಆಗ್ತಿದ್ದರೆ ಎರಡು ಕಡೆ ನೋಡಿ. ಒಂದು, ರೂಟರ್ ಹೊಸ ಐಪಿ ಕೊಟ್ಟಿರುತ್ತೆ, ಅದಕ್ಕೆ ರೂಟರ್‌ನಲ್ಲೇ ಕ್ಯಾಮೆರಾದ ಮ್ಯಾಕ್ ವಿಳಾಸಕ್ಕೆ (ಪ್ರತಿ ಸಾಧನದ ಗುರುತಿನ ಸಂಖ್ಯೆ) ಐಪಿ ರಿಸರ್ವ್ ಮಾಡಿ. ಇನ್ನೊಂದು ಯಾರಿಗೂ ಹೊಳೆಯಲ್ಲ, ಕ್ಯಾಮೆರಾದ ಗಡಿಯಾರ. ಟೈಮ್ ಹಿಂದಕ್ಕೆ ಹೋಗಿ 1970 ಅಂತ ತೋರಿಸ್ತಿದ್ದರೆ ಆನ್‌ವಿಫ್ (ಬೇರೆ ಬೇರೆ ಕಂಪನಿ ಕ್ಯಾಮೆರಾಗಳು ಮಾತಾಡೋ ಸಾಮಾನ್ಯ ಭಾಷೆ) ಲಾಗಿನ್ ತಿರಸ್ಕಾರ ಆಗಬಹುದು, ಯಾಕಂದ್ರೆ ಆ ಲಾಗಿನ್‌ನೊಳಗೆ ಸಮಯವೂ ಸೇರಿರುತ್ತೆ. ಎನ್‌ಟಿಪಿ (ಇಂಟರ್ನೆಟ್‌ನಿಂದ ಸಮಯ ಸರಿಮಾಡಿಕೊಳ್ಳೋದು) ಆನ್ ಮಾಡಿ, ಟೈಮ್ ಜೋನ್ +5:30 ಇಡಿ. ನಮ್ಮ ಅಂಗಡಿಯವನು ಇದಕ್ಕೂ "ವೈಫೈ ವೀಕ್" ಅಂದ.

ಹಾಕಿಸೋ ದಿನ ಫೋನ್ ಅವನ ಕೈಗೆ ಕೊಡಬೇಡಿ. ಖಾತೆ ನಿಮ್ಮ ನಂಬರಿನಲ್ಲಿ, ಕ್ಯೂಆರ್ ಸ್ಕ್ಯಾನ್ ನಿಮ್ಮ ಫೋನಿನಲ್ಲಿ, ಅವನಿಗೆ ಬೇಕಾದರೆ ನೀವು ಶೇರ್ ಮಾಡಿ, ಕೆಲಸ ಮುಗಿದ ಮೇಲೆ ಕಿತ್ತುಹಾಕಿ. ಸೀರಿಯಲ್ ನಂಬರ್ ಇರೋ ಜಿಎಸ್‌ಟಿ ಬಿಲ್ ಇಲ್ಲದೆ ಬಾಕಿ ದುಡ್ಡು ಕೊಡಬೇಡಿ. ಅಲೆಕ್ಸಾ ಬೇಕಿದ್ದರೆ ಅವನು ಏಣಿ ಇಳಿಸೋ ಮುಂಚೆ ಸ್ಕ್ರೀನಲ್ಲಿ ಚಿತ್ರ ಬರಲಿ. ಈಗಾಗಲೇ ಸಿಕ್ಕಿಹಾಕಿಕೊಂಡಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ, ಚೀಟಿಯ ಜೊತೆ ದುಡ್ಡು ಕಳಿಸಿದ ಯುಪಿಐ ದಾಖಲೆನೂ ಇಟ್ಟುಕೊಳ್ಳಿ.

ಮತ್ತೆ, ಅಂಗಡಿಗೆ ಫೋನ್ ಮಾಡಿ ಜಗಳ ಆಡೋ ಮುಂಚೆಯೇ ಆ ಮಾಲೀಕರ ನಂಬರ್ ಇರೋ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ. ನಾವು ಫೋನ್ ಇಟ್ಟ ಸ್ವಲ್ಪ ಹೊತ್ತಿಗೇ ಅವನು ಶೇರ್ ಕಿತ್ತುಹಾಕಿದ. ಅಲ್ಲಿಯವರೆಗೆ ಫೋನಲ್ಲಾದರೂ ಬರ್ತಿದ್ದ ಗೇಟು, ಹಾಲ್ ಎರಡೂ ಮಾಯ.