ಹೊರಗೆ ಸ್ಟೇನ್‌ಲೆಸ್, ಒಳಗೆ ತುಕ್ಕು: ಉಪ್ಪುನೀರಿನ ಯಂತ್ರಕ್ಕೆ ಬೇರಿಂಗ್ ಕೊಳ್ಳುವವರೇ, ಎಚ್ಚರ

ಮೀನು ಸಂಸ್ಕರಣಾ ಘಟಕ, ಐಸ್ ಪ್ಲಾಂಟ್, ಸಿಗಡಿ ಕೆರೆ, ಉಪ್ಪಿನಕಾಯಿ ಕಾರ್ಖಾನೆ, ಹೀಗೆ ಉಪ್ಪುನೀರು ಮುಟ್ಟುವ ಯಂತ್ರ ಯಾರ ಬಳಿ ಇದೆಯೋ ಅವರೆಲ್ಲ ದಯವಿಟ್ಟು ಇದನ್ನು ಓದಿ. ಪಿಲ್ಲೋ ಬ್ಲಾಕ್ ಎಂದರೆ ತಿರುಗುವ ಶಾಫ್ಟನ್ನು ಹಿಡಿಯುವ ಬೇರಿಂಗ್ ಮತ್ತು ಅದು ಕೂರುವ ಲೋಹದ ಗೂಡು (ಬ್ಲಾಕ್). 'ಎಸ್‌ಎಸ್ ಪಿಲ್ಲೋ ಬ್ಲಾಕ್' ಎಂದು ನನಗೆ ಮಾರಿದ ಮಾಲಿನಲ್ಲಿ ಬ್ಲಾಕ್ ಮಾತ್ರ ಎಸ್‌ಎಸ್, ಅಂದರೆ ಸ್ಟೇನ್‌ಲೆಸ್ ಸ್ಟೀಲ್. ಒಳಗೆ ಕೂರಿಸಿರುವ ಬೇರಿಂಗ್ ತುಕ್ಕು ಹಿಡಿಯುವ ಮಾಮೂಲಿ ಕ್ರೋಮ್ ಸ್ಟೀಲಿನದು. ಒಂದಲ್ಲ, ಎರಡಲ್ಲ, 16. ಒಂದಕ್ಕೆ 1,950 ರೂಪಾಯಿಯಂತೆ, ಶೇ. 18 ಜಿಎಸ್‌ಟಿ ಸೇರಿ 36,816 ರೂಪಾಯಿ. ಈ ಕೆಲಸದಲ್ಲಿ 18 ವರ್ಷ ಕಳೆದವನು ನಾನು. ಬರೆಯಲು ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತಿದ್ದೇನೆ. ಏಕೆಂದರೆ ಆ ಅಂಗಡಿಯ ಕಪಾಟಿನಲ್ಲಿ ಅದೇ ಮಾಲು ಇನ್ನೂ ಸಾಲಾಗಿ ಕುಳಿತಿದೆ.

ಮಲ್ಪೆಯ ಹತ್ತಿರ ಒಂದು ಮೀನು ಸಂಸ್ಕರಣಾ ಘಟಕದಲ್ಲಿ ಯಂತ್ರಗಳ ಉಸ್ತುವಾರಿ ನನ್ನದು. ನಮ್ಮ ದೊಡ್ಡ ರಿಪೇರಿಗಳೆಲ್ಲ ನಡೆಯುವುದು ಜೂನ್ 1ರಿಂದ ಜುಲೈ 31ರವರೆಗೆ, ಮೀನುಗಾರಿಕೆ ನಿಷೇಧದ ಅವಧಿಯಲ್ಲಿ. ಮೀನು ತೊಳೆಯುವ ಕನ್ವೇಯರಿಗೆ ಪ್ರತಿ ವರ್ಷ ಬೀಡುಕಬ್ಬಿಣದ ಬ್ಲಾಕ್‌ಗಳನ್ನೇ ಹಾಕುತ್ತಿದ್ದೆವು, ಪ್ರತಿ ವರ್ಷ ಅವು ತುಕ್ಕು ಹಿಡಿದು ಬಣ್ಣ ಸುಲಿದು ಬೀಳುತ್ತಿದ್ದವು. ಹಗಲೆಲ್ಲ ಉಪ್ಪು ನೀರು, ಸಂಜೆ ಕ್ಲೋರಿನ್ ನೀರಿನಲ್ಲಿ ತೊಳೆತ. ರಫ್ತಿನ ತಪಾಸಣೆಗೆ ಬಂದವರ ಕಣ್ಣು ಮೊದಲು ಬೀಳುವುದೇ ಅಲ್ಲಿ. "ಒಂದು ಸಲ ಖರ್ಚಾದರೂ ಪರವಾಗಿಲ್ಲ, ಸ್ಟೇನ್‌ಲೆಸ್ ಹಾಕೋಣ" ಎಂದು ಧಣಿಗಳನ್ನು ಒಪ್ಪಿಸಿದವನು ನಾನೇ. ಹಿಂದೆ ಕೊಡುತ್ತಿದ್ದ ಹಣದ ನಾಲ್ಕು ಪಟ್ಟು ಹೆಚ್ಚು ಎಂದಾಗ ಅವರು ಹಿಂಜರಿದರು. ನಾನು ಜವಾಬ್ದಾರಿ ಹೊತ್ತೆ.

ಅಂಗಡಿಯ ಹೆಸರು ಬರೆಯುವುದಿಲ್ಲ. ಮಂಗಳೂರಿನಲ್ಲಿದೆ, ಹಳೆಯದು, ಹತ್ತು ವರ್ಷದಿಂದ ವ್ಯವಹಾರವಿದೆ. ಉಪ್ಪುನೀರಿಗೆ ಎಂದು ಎರಡು ಸಲ ಹೇಳಿದೆ. "ಮೀನಿನ ಕೆಲಸಕ್ಕೇ ಅಲ್ಲವೇ? ಇದನ್ನೇ ಕೊಂಡುಹೋಗುವುದು ಎಲ್ಲರೂ" ಎಂದು ಒಂದು ಬ್ಲಾಕನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು ಗಾಜಿನ ಮೇಲಿಟ್ಟರು. ಹೊಳೆಯುತ್ತಿತ್ತು. ಡ್ರಾಯರಿನಿಂದ ಒಂದು ಅಯಸ್ಕಾಂತ ತೆಗೆದು ಬ್ಲಾಕಿಗೆ ತಾಗಿಸಿದರು. ಹಿಡಿಯಲಿಲ್ಲ, ಜಾರಿ ಅವರ ಅಂಗೈಗೆ ಬಿತ್ತು. ಬ್ಲಾಕಿಗೆ ಬಳಸುವ ಸ್ಟೇನ್‌ಲೆಸ್‌ಗೆ ಅಯಸ್ಕಾಂತ ಅಷ್ಟಾಗಿ ಹಿಡಿಯುವುದಿಲ್ಲ. "ನೋಡಿದಿರಲ್ಲ?" ಎಂದರು. ನೋಡಿದೆ. ನೋಡಿ ತಲೆಯಾಡಿಸಿದೆ.

ಆ ಕ್ಷಣವನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಅಯಸ್ಕಾಂತ ಮುಟ್ಟಿದ್ದು ಬ್ಲಾಕನ್ನು. ಅದರಿಂದ ಎರಡು ಬೆರಳು ಆಚೆಗೆ, ಬೇರಿಂಗಿನ ಮೇಲೆ, ಅವರು ಇಡಲಿಲ್ಲ. ಇಡಿ ಎಂದು ನಾನೂ ಕೇಳಲಿಲ್ಲ. ಬೇರಿಂಗಿನ ಅಂಚಿನಲ್ಲಿ ಅದರ ಮಾದರಿ ಸಂಖ್ಯೆ 'ಯುಸಿ 205' ಎಂದು ಕೊರೆದಿತ್ತು. ಸ್ಟೇನ್‌ಲೆಸ್ ಆಗಿದ್ದರೆ ಸಾಮಾನ್ಯವಾಗಿ 'ಎಸ್‌ಯುಸಿ 205' ಎಂದಿರುತ್ತದೆ. ಒಂದೇ ಒಂದು ಅಕ್ಷರ. ಎಣ್ಣೆ ಮೆತ್ತಿದ ಆ ಅಂಚನ್ನು ಬೆರಳಿನಿಂದ ಒರೆಸಿ ಓದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ಆಗಸ್ಟ್ 1ಕ್ಕೆ ಹಂಗಾಮು ಶುರುವಾಯಿತು. 15ರ ಹೊತ್ತಿಗೆ ಒಂದು ತುದಿಯಲ್ಲಿ ಮರಳು ಅರೆದಂಥ ಸದ್ದು. ಗ್ರೀಸ್ ಹೊಡೆದೆವು, ಎರಡು ದಿನ ಸುಮ್ಮನಾಯಿತು. 20ರಂದು ಬೆಳಿಗ್ಗೆ ಬಂಗುಡೆ ಬಂದು ಬಿದ್ದಿದ್ದ ಹೊತ್ತಿಗೇ ಬೇರಿಂಗ್ ಬಿಗಿಹಿಡಿದು, ಶಾಫ್ಟ್ ಅದರೊಳಗೆ ಉಜ್ಜಿಕೊಂಡು ತಿರುಗಿ, ಚೈನು ಹಾರಿತು. ಆರು ಗಂಟೆ ಕೆಲಸ ನಿಂತಿತು. ಮೀನನ್ನು ಮತ್ತೆ ಐಸಿನಡಿ ತುಂಬಬೇಕಾಯಿತು. ಕತ್ತರಿಸುವ ಹೆಂಗಸರೆಲ್ಲ ಕೈಗವಸು ಬಿಚ್ಚಿ ಗೋಡೆಗೊರಗಿ ಕುಳಿತಿದ್ದರು. ಧಣಿಗಳು ಬಂದು ನೋಡಿದರು. ಬೈಯಲಿಲ್ಲ. "ಸ್ಟೇನ್‌ಲೆಸ್ ಅಲ್ಲವೇ ಇದು?" ಎಂದು ಮಾತ್ರ ಕೇಳಿದರು. ಬೈದಿದ್ದರೇ ಚೆನ್ನಾಗಿತ್ತು.

ಮಧ್ಯಾಹ್ನ ಅದನ್ನು ಬಿಚ್ಚಿ ಬೆಂಚಿನ ಮೇಲಿಟ್ಟೆ. ಬ್ಲಾಕ್ ಮೊದಲ ದಿನದಂತೆಯೇ ಫಳಫಳ, ನನ್ನ ಮುಖ ಕಾಣುತ್ತಿತ್ತು. ಒಳಗಿನ ಬೇರಿಂಗನ್ನು ಶಾಫ್ಟಿಗೆ ಬಿಗಿಯುವ ಗ್ರಬ್ ಸ್ಕ್ರೂ ತುಕ್ಕಿನಲ್ಲಿ ಕರಗಿ, ಅಲೆನ್ ಕೀ ಕೂರಲು ಆರು ಮೂಲೆಗಳೇ ಉಳಿದಿರಲಿಲ್ಲ. ಸೀಲನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿದಾಗ ಗ್ರೀಸಿನ ಬದಲು ಕೆಂಪು ಕೆಸರು ಬಂತು. ಗುಂಡುಗಳನ್ನು ಪೆಟ್ರೋಲಿನಲ್ಲಿ ತೊಳೆದು ಅಂಗೈಯಲ್ಲಿ ಉರುಳಿಸಿದೆ: ಸಿಡುಬಿನ ಕಲೆಯಂತೆ ಮೈತುಂಬ ಗುಳಿ.

ಮೊದಲ ಸಲ ಫೋನ್ ಮಾಡಿದಾಗ ಅಂಗಡಿಯವರ ಉತ್ತರ: "ಗ್ರೀಸ್ ಹಾಕಿರಲಿಕ್ಕಿಲ್ಲ ಮಾರಾಯರೇ." ಗ್ರೀಸ್ ಹಾಕಿದ ದಿನಾಂಕಗಳ ಪುಸ್ತಕದ ಫೋಟೋ ಕಳಿಸಿದೆ. ಆಗ: "ಕ್ಲೋರಿನ್ ನೀರು ಬಿಟ್ಟರೆ ಯಾವ ಸ್ಟೀಲೂ ನಿಲ್ಲುವುದಿಲ್ಲ." ಹಾಗಾದರೆ ಅದೇ ನೀರು ಬಿದ್ದ ಬ್ಲಾಕ್ ಹೇಗೆ ನಿಂತಿತು ಎಂದು ಕೇಳಿದೆ. "ಒಮ್ಮೆ ಇಲ್ಲಿಗೆ ತನ್ನಿ, ನೋಡೋಣ" ಎಂದರು.

ತೆಗೆದುಕೊಂಡು ಹೋದೆ. ಅವರದೇ ಡ್ರಾಯರಿನ ಅದೇ ಅಯಸ್ಕಾಂತವನ್ನು ಕೇಳಿ ಪಡೆದು ಬೇರಿಂಗಿನ ಮೇಲಿಟ್ಟೆ. ಟಕ್ಕೆಂದು ಅಂಟಿತು. ಒಂದಿಷ್ಟೂ ಅಳುಕಿಲ್ಲದೆ ಹೇಳಿದರು: "ಬೇರಿಂಗಿಗೆ ಹಾಕುವುದು 440ಸಿ. ಅದು ಗಡಸು ಸ್ಟೇನ್‌ಲೆಸ್, ಅದಕ್ಕೆ ಅಯಸ್ಕಾಂತ ಹಿಡಿಯುತ್ತದೆ. ಇಷ್ಟು ವರ್ಷ ಕೆಲಸ ಮಾಡಿ ಇದೂ ಗೊತ್ತಿಲ್ಲವೇ ನಿಮಗೆ?" ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ನಾನು ಬಾಯಿ ಮುಚ್ಚಿದೆ, ಏಕೆಂದರೆ ಅವರು ಹೇಳಿದ್ದು ನಿಜ. 440ಸಿಗೆ ಅಯಸ್ಕಾಂತ ಹಿಡಿಯುತ್ತದೆ. ಮಾಮೂಲಿ ಕ್ರೋಮ್ ಸ್ಟೀಲಿಗೂ ಹಿಡಿಯುತ್ತದೆ. ಹಾಗಾಗಿ ಬೇರಿಂಗ್ ಪರೀಕ್ಷೆಗೆ ಅಯಸ್ಕಾಂತ ಸಾಕಾಗುವುದಿಲ್ಲ. ನಿಜವಾದ ಮಾತನ್ನು ಹಿಡಿದು ಸುಳ್ಳು ಮಾಲನ್ನು ಮುಚ್ಚಿದರು.

ಅಲ್ಲಿಂದ ಬಂದ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಅಡಿಕೆ ತೋಟದವರ ಮನೆಯಿಂದ ಬೋರ್ಡೋ ದ್ರಾವಣಕ್ಕೆ ತಂದಿಟ್ಟ ಮೈಲುತುತ್ತ ಒಂದು ಚಿಟಿಕೆ ತಂದು ನೀರಿನಲ್ಲಿ ಕರಗಿಸಿದೆ. ಬೇರಿಂಗಿನ ರಿಂಗನ್ನು ಎಣ್ಣೆ ಹೋಗುವಂತೆ ತೊಳೆದು, ಉಜ್ಜಿ, ಒಂದು ಹನಿ ಬಿಟ್ಟೆ. ನೋಡುತ್ತಿದ್ದಂತೆಯೇ ತಾಮ್ರದ ಬಣ್ಣಕ್ಕೆ ತಿರುಗಿತು. ಅಡುಗೆಮನೆಯ ಸ್ಟೀಲ್ ಚಮಚದ ಮೇಲೂ ಒಂದು ಹನಿ ಬಿಟ್ಟೆ, ಅದು ಹಾಗೆಯೇ ಇತ್ತು. ಅನುಮಾನ ಗಟ್ಟಿಯಾಯಿತು. ಕೊನೆಗೆ ಬೈಕಂಪಾಡಿಯಲ್ಲಿ ಸ್ಟೇನ್‌ಲೆಸ್ ಗುಜರಿ ಕೊಳ್ಳುವ ಪರಿಚಯದವರ ಬಳಿ ಹೋದೆ. ಲೋಹ ಅಳೆಯುವ ಎಕ್ಸ್‌ಆರ್‌ಎಫ್ ಗನ್ ಅವರಲ್ಲಿದೆ. ಬ್ಲಾಕಿಗೆ ಹಿಡಿದಾಗ ಕ್ರೋಮಿಯಂ ಶೇ. 18, ನಿಕ್ಕಲ್ ಶೇ. 8. ಅಪ್ಪಟ 304 ದರ್ಜೆಯ ಸ್ಟೇನ್‌ಲೆಸ್. ಬೇರಿಂಗಿಗೆ ಹಿಡಿದಾಗ ಕ್ರೋಮಿಯಂ ಶೇ. 1.4. 440ಸಿ ಆಗಿದ್ದರೆ 16ರಿಂದ 18 ಇರಬೇಕಿತ್ತು.

ಆ ಅಂಕಿಗಳನ್ನು ಕಳಿಸಿದ ಮೇಲೆ ಅಂಗಡಿಯಿಂದ ಬಂದ ಉತ್ತರವನ್ನು ಇದ್ದಂತೆಯೇ ಕೊಡುತ್ತೇನೆ (ಯುಸಿಪಿ ಎಂದರೆ ಬ್ಲಾಕ್, ಬೇರಿಂಗ್ ಎರಡೂ ಸೇರಿದ ಜೋಡಿ): "ಬಿಲ್ಲಿನಲ್ಲಿ ಎಸ್‌ಎಸ್ ಯುಸಿಪಿ 205 ಎಂದಿದೆ. ಎಸ್‌ಎಸ್ ಎಂದರೆ ಬ್ಲಾಕ್. ಒಳಗಿನದೂ ಎಸ್‌ಎಸ್ ಎಂದು ನಾವು ಬರೆದುಕೊಟ್ಟಿಲ್ಲ." ವಾರದ ಹಿಂದೆ ಇದೇ ಬಾಯಿ 440ಸಿ ಎಂದಿತ್ತು! ಅದನ್ನು ನೆನಪಿಸಿದರೆ, "ಅದು ಸಾಮಾನ್ಯವಾಗಿ ಹೇಳಿದ್ದು." ಹಣ ವಾಪಸ್ ಕೇಳಿದರೆ, "ಫಿಟ್ ಮಾಡಿದ ಮಾಲು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ." ಅದರ ಮರುದಿನ ಮತ್ತೊಂದು ಸಂದೇಶ: ನಿಜವಾದ 440ಸಿ ಬೇರಿಂಗ್‌ಗಳಿವೆ, ಶೇ. 10 ಕಡಿಮೆ ಮಾಡಿ ಕೊಡುತ್ತಾರಂತೆ. ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ ಎಂದುಕೊಂಡಿದ್ದೆ. ವ್ಯಾಪಾರದ ಉದ್ದೇಶಕ್ಕೆ ಕೊಂಡ ಮಾಲಿಗೆ 2019ರ ಗ್ರಾಹಕ ರಕ್ಷಣಾ ಕಾಯ್ದೆ ಅನ್ವಯಿಸುವುದಿಲ್ಲ ಎಂದು ವಕೀಲರು ತಿಳಿಸಿದರು.

ಆ ಶೇ. 10ರ ಆಸೆಗೂ ಬೀಳಬೇಡಿ. ಅಸಲಿ 440ಸಿಯೇ ಸಿಕ್ಕರೂ ನಮ್ಮಂಥ ಜಾಗಕ್ಕೆ ಅದು ಸಾಲದು. ಗಡಸುತನಕ್ಕೆಂದು ಅದರಲ್ಲಿ ಸುಮಾರು ಶೇ. 1ರಷ್ಟು ಇಂಗಾಲವಿರುತ್ತದೆ. ಆ ಇಂಗಾಲ ಒಂದಷ್ಟು ಕ್ರೋಮಿಯಮ್ಮನ್ನು ತನ್ನೊಡನೆ ಕಟ್ಟಿಹಾಕುತ್ತದೆ, ತುಕ್ಕು ತಡೆಯಲು ಉಳಿಯುವುದು ಕಡಿಮೆ. ಸಿಹಿನೀರಿನ ತೊಳೆತಕ್ಕೆ ಬಾಳುತ್ತದೆ; ಸಮುದ್ರದ ಉಪ್ಪಿಗೂ ಕ್ಲೋರಿನ್ನಿಗೂ ಗುಳಿ ಬೀಳುತ್ತದೆ. ಅಲ್ಲಿಗೆ ಬೇಕಾದದ್ದು ಶೇ. 2ರಿಂದ 3 ಮಾಲಿಬ್ಡಿನಮ್ ಲೋಹ ಇರುವ 316 ದರ್ಜೆಯ ಸ್ಟೇನ್‌ಲೆಸ್. ಅದನ್ನು ಕಾಯಿಸಿ ಗಡಸು ಮಾಡಲಾಗದು, ಆದ್ದರಿಂದ ಭಾರ ಹೊರುವ ಶಕ್ತಿ ತೀರಾ ಕಡಿಮೆ. ವೇಗದ ಮೋಟಾರಿಗೆ ಆಗುವುದಿಲ್ಲ, ನಿಧಾನ ತಿರುಗುವ ಹಗುರ ಕನ್ವೇಯರಿಗೆ ನಡೆಯುತ್ತದೆ. ಈ ಮಾತನ್ನು ಕೌಂಟರಿನ ಆಚೆಗಿದ್ದವರು ಜುಲೈಯಲ್ಲೇ ಹೇಳಬೇಕಿತ್ತು. ಉಪ್ಪುನೀರು ಎಂದು ನಾನು ಎರಡು ಸಲ ಹೇಳಿದ್ದೆ.

ನಾನು ಹೇಳುವುದು ಇಷ್ಟೇ. 'ಎಸ್‌ಎಸ್' ಎಂಬ ಎರಡಕ್ಷರಕ್ಕೆ ಹಣ ಕೊಡಬೇಡಿ. ಬ್ಲಾಕ್, ರಿಂಗ್, ಗುಂಡು, ಗ್ರಬ್ ಸ್ಕ್ರೂ, ಒಂದೊಂದರ ಗ್ರೇಡನ್ನೂ ಕೊಟೇಶನ್ನಿನಲ್ಲೂ ಬಿಲ್ಲಿನಲ್ಲೂ ಬರೆಸಿಕೊಳ್ಳಿ. ಬರೆಯಲು ಹಿಂದೆಮುಂದೆ ನೋಡಿದರೆ ಎದ್ದು ಬನ್ನಿ, ಎಷ್ಟು ವರ್ಷದ ಪರಿಚಯವಾದರೂ ಸರಿ. ಬೇರಿಂಗನ್ನು ಅಡ್ಡಲಾಗಿ ತಿರುಗಿಸಿದರೆ ಬ್ಲಾಕಿನಲ್ಲಿರುವ ಕಚ್ಚಿನಿಂದ ಹೊರಬರುತ್ತದೆ. ತೆಗೆದು, ಒರೆಸಿ, ಅಕ್ಷರ ಓದಿ. ಮೊದಲು ಒಂದೇ ಒಂದನ್ನು ಕೊಂಡು, ಎಣ್ಣೆ ತೊಳೆದು, ಉಪ್ಪುನೀರಿನ ಬಟ್ಟೆಯಲ್ಲಿ ಸುತ್ತಿ ಒಂದು ರಾತ್ರಿ ಇಡಿ. ಎಣ್ಣೆ ತೊಳೆಯುವುದನ್ನು ಮರೆಯಬೇಡಿ, ಆ ಎಣ್ಣೆಯೇ ಮೋಸವನ್ನು ನಾಲ್ಕು ದಿನ ಮುಚ್ಚಿಡುತ್ತದೆ. ನಾನು ಆಮೇಲೆ ಹಾಗೆ ಮಾಡಿದೆ. ಬೆಳಿಗ್ಗೆ ಬಟ್ಟೆಯ ಮೇಲೆ ಉಂಗುರದಂತೆ ಕೆಂಪು ಗುರುತು ಮೂಡಿತ್ತು.

ಈವರೆಗೆ 16ರಲ್ಲಿ 11 ಹೋಗಿವೆ. ಲೇತಿನ ಹಿರಿಯರೊಬ್ಬರು ಕನ್ವೇಯರ್ ನೋಡಿ, "ಇಷ್ಟು ನಿಧಾನ ತಿರುಗುವುದಕ್ಕೆ ಗುಂಡಿನ ಬೇರಿಂಗೇ ಯಾಕೆ?" ಎಂದು ಗಟ್ಟಿ ಪಾಲಿಥೀನಿನ ಬುಷ್ (ಗುಂಡುಗಳಿಲ್ಲದ ಬಳೆ) ಕಡೆದುಕೊಟ್ಟಿದ್ದಾರೆ. ನೈಲಾನ್ ಸಾಕೇ ಎಂದು ಕೇಳಿದ್ದಕ್ಕೆ, ಅದು ನೀರು ಕುಡಿದು ಉಬ್ಬುತ್ತದೆ, ಬೇಡ ಎಂದರು. ಅದೇ 304 ಬ್ಲಾಕಿನೊಳಗೆ ಈ ಬುಷ್ ಕೂರಿಸಿದ್ದೇವೆ, ನೀರೇ ಅದಕ್ಕೆ ಎಣ್ಣೆ. ಸದ್ದಿಲ್ಲದೆ ತಿರುಗುತ್ತಿವೆ. ಉಳಿದ ಐದನ್ನು ಭಾನುವಾರ ಬಿಚ್ಚುತ್ತೇವೆ. ತುಕ್ಕು ಹಿಡಿದ 11 ಬೇರಿಂಗ್‌ಗಳು ಮೀನಿನ ಟ್ರೇಯೊಂದರಲ್ಲಿ ನನ್ನ ಮೇಜಿನ ಕೆಳಗಿವೆ. ಗುಜರಿಗೆ ಕೊಟ್ಟಿಲ್ಲ, ಕೊಡುವುದೂ ಇಲ್ಲ. ಯಾರಿಗಾದರೂ ಕಣ್ಣಾರೆ ನೋಡಬೇಕಿದ್ದರೆ ಬನ್ನಿ, ತೋರಿಸುತ್ತೇನೆ.