ಮ್ಯಾಕ್‌ಡೂಗಲ್ ಬೀದಿಯ ‘ಪಾಮ್ ಫ್ರೀಟ್’: ಹಳೆಯ ಗಿರಾಕಿಯೊಬ್ಬರ ವಿಮರ್ಶೆ

ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್‌ನಲ್ಲಿರುವ ‘ಪಾಮ್ ಫ್ರೀಟ್’ ಅಂಗಡಿಯಲ್ಲಿ ಸಿಗುವುದು ಹೆಚ್ಚುಕಡಿಮೆ ಒಂದೇ ಪದಾರ್ಥ: ಬೆಲ್ಜಿಯಂ ಪದ್ಧತಿಯಲ್ಲಿ ಎರಡು ಬಾರಿ ಕರಿದ ಆಲೂಗಡ್ಡೆಯ ದಪ್ಪ ತುಂಡುಗಳು. ಅದನ್ನು ಕಾಗದದ ಶಂಕುವಿನಲ್ಲಿ ತುಂಬಿ, ನಾವು ಆರಿಸಿದ ಸಾಸ್‌ನೊಂದಿಗೆ ಕೊಡುತ್ತಾರೆ. ಈ ಅಂಗಡಿಯನ್ನು ಸೆಕೆಂಡ್ ಅವೆನ್ಯೂವಿನ ಹಳೆಯ ಜಾಗದಲ್ಲಿದ್ದ ಕಾಲದಿಂದಲೂ ಬಲ್ಲ ಗಿರಾಕಿಯಾಗಿ ಮೊದಲೇ ಹೇಳಿಬಿಡುತ್ತೇನೆ: ಇಲ್ಲಿಯ ಫ್ರೈಸ್‌ನ ರುಚಿಯನ್ನು ಅರಿಯಬೇಕೆಂದರೆ ಅಂಗಡಿಯಲ್ಲೇ ನಿಂತು, ಬಿಸಿ ಆರುವ ಮೊದಲೇ ತಿನ್ನಬೇಕು. ಮಿಕ್ಕ ಮಾತುಗಳೆಲ್ಲ ಇದರ ನಂತರ.

ಅಂಗಡಿ 1997ರಲ್ಲಿ ಈಸ್ಟ್ ವಿಲೇಜ್‌ನಲ್ಲಿ ಆರಂಭವಾಯಿತು. 2015ರ ಮಾರ್ಚ್ 26ರಂದು ಪಕ್ಕದ ಕಟ್ಟಡದಲ್ಲಿ ಅನಿಲ ಸ್ಫೋಟವಾಗಿ, ಬೆಂಕಿಗೆ ಮೂರು ಕಟ್ಟಡಗಳು ಕುಸಿದವು. ಇಬ್ಬರು ತರುಣರು ಪ್ರಾಣ ಕಳೆದುಕೊಂಡರು. ಅನಿಲದ ಕೊಳವೆಯನ್ನು ಅಕ್ರಮವಾಗಿ ಜೋಡಿಸಿದ್ದ ಪ್ರಕರಣದಲ್ಲಿ ಆ ಪಕ್ಕದ ಕಟ್ಟಡದ ಒಡತಿಯೂ ಸೇರಿದಂತೆ ಮೂವರು 2019ರಲ್ಲಿ ತಪ್ಪಿತಸ್ಥರೆಂದು ತೀರ್ಮಾನವಾಯಿತು. ಕುಸಿದ ಕಟ್ಟಡಗಳಲ್ಲೊಂದರಲ್ಲಿದ್ದ ಈ ಅಂಗಡಿ ಮರುವರ್ಷ, ಅಂದರೆ 2016ರಲ್ಲಿ, ಮ್ಯಾಕ್‌ಡೂಗಲ್ ಬೀದಿಯಲ್ಲಿ ಮತ್ತೆ ಬಾಗಿಲು ತೆರೆಯಿತು. ವಾಷಿಂಗ್ಟನ್ ಸ್ಕ್ವೇರ್ ಉದ್ಯಾನ, ನ್ಯೂಯಾರ್ಕ್ ವಿಶ್ವವಿದ್ಯಾಲಯ, ಹಾಸ್ಯಪ್ರದರ್ಶನದ ನೆಲಮಾಳಿಗೆಗಳು ಎಲ್ಲವೂ ಕೂಗಳತೆಯಲ್ಲಿರುವ ಬೀದಿಯಿದು. ಬಾಡಿಗೆ ದುಬಾರಿಯಾದ ಇಂಥ ಕಡೆ ಬರೀ ಆಲೂಗಡ್ಡೆಯನ್ನು ನಂಬಿಕೊಂಡು ವ್ಯಾಪಾರ ನಡೆಸುವುದು ಸಣ್ಣ ಮಾತಲ್ಲ.

ಎರಡು ಸಲ ಕರಿಯುವುದರ ಹಿಂದೆ ಒಂದು ಲೆಕ್ಕವಿದೆ. ಆಲೂಗಡ್ಡೆಯ ತೂಕದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ ಇರುತ್ತದೆ. ಬೆಲ್ಜಿಯಂ ಕ್ರಮದಲ್ಲಿ ಮೊದಲು ಸುಮಾರು 150 ಡಿಗ್ರಿ ಸೆಲ್ಸಿಯಸ್‌ನ ಎಣ್ಣೆಯಲ್ಲಿ ಒಳಭಾಗ ಬೇಯುವಷ್ಟು ಕರಿದು, ತೆಗೆದು ಆರಲು ಬಿಟ್ಟು, ಗಿರಾಕಿ ಕೇಳಿದಾಗ ಸುಮಾರು 180 ಡಿಗ್ರಿಯಲ್ಲಿ ಮತ್ತೊಮ್ಮೆ ಕರಿಯುತ್ತಾರೆ. ಆಗ ಮೇಲ್ಪದರದ ನೀರು ಆವಿಯಾಗಿ ಗರಿಗರಿಯಾದ ಹೊದಿಕೆ ಮೂಡುತ್ತದೆ, ಒಳಗಿನ ತಿರುಳು ಮೆತ್ತಗೆ ಉಳಿಯುತ್ತದೆ. ಹಾಸನದ ಕಡೆ ಬೆಳೆಯುವ ಕುಫ್ರಿ ಜ್ಯೋತಿಯನ್ನು ಮನೆಯಲ್ಲಿ ಹೀಗೆ ಕರಿದರೆ ಈ ಫಲ ಸಿಗುವುದು ಕಷ್ಟ. ಆ ತಳಿಯಲ್ಲಿ ಒಣ ಅಂಶ ಕಡಿಮೆ, ಸಕ್ಕರೆಯ ಅಂಶ ಹೆಚ್ಚು. ಒಳಗೆ ಹದ ಬರುವ ಮೊದಲೇ ಹೊರಗೆ ಕಂದು ಬಣ್ಣಕ್ಕೆ ತಿರುಗುತ್ತದೆ. ಪಲ್ಯಕ್ಕೂ ಬೋಂಡಕ್ಕೂ ಅದಕ್ಕಿಂತ ಒಳ್ಳೆಯ ಗಡ್ಡೆ ಬೇಡ ಎನ್ನುವುದು ಬೇರೆ ಮಾತು.

ಗರಿಗರಿ ಉಳಿಯುವುದು ಕೆಲವೇ ನಿಮಿಷ. ತಿರುಳಿನಲ್ಲಿ ಉಳಿದ ತೇವ ನಿಧಾನವಾಗಿ ಹೊದಿಕೆಗೆ ಹತ್ತುತ್ತದೆ; ಮುಚ್ಚಿದ ಡಬ್ಬಿಯಲ್ಲಾದರೆ ಆವಿಗೆ ಹೊರಹೋಗಲು ದಾರಿಯೇ ಇಲ್ಲ. ಬಾಯಿ ತೆರೆದ ಕಾಗದದ ಶಂಕುವಿನ ಉಪಯೋಗ ಅಲ್ಲಿದೆ. ಅಂಗಡಿಯ ಮೇಜುಗಳಲ್ಲಿ ಶಂಕುವನ್ನು ಇಳಿಬಿಡಲು ರಂಧ್ರಗಳನ್ನು ಕೊರೆದಿದ್ದಾರೆ. ಒಂದು ಕೈಯಲ್ಲಿ ಶಂಕು, ಇನ್ನೊಂದರಲ್ಲಿ ಸಾಸ್ ಹಿಡಿದು ತಿನ್ನುವುದು ಹೇಗೆಂಬ ಪೇಚು ಇಲ್ಲಿಲ್ಲ. ಮನೆಗೆ ತರಿಸಿಕೊಂಡು ತಿನ್ನುವುದನ್ನು ನಾನು ಯಾರಿಗೂ ಶಿಫಾರಸು ಮಾಡಲಾರೆ. ಅದು ಅಂಗಡಿಯ ದೋಷವಲ್ಲ. ಎಲ್ಲಿಯ ಫ್ರೈಸ್ ಆದರೂ ಅರ್ಧ ಗಂಟೆಯ ಪ್ರಯಾಣವನ್ನು ತಾಳುವುದಿಲ್ಲ.

ಸಾಸ್‌ಗಳ ಪಟ್ಟಿ ಮೂವತ್ತರ ಆಸುಪಾಸಿನಲ್ಲಿದೆ. ಹೊಸಬರು ಅದನ್ನು ನೋಡಿ ತಬ್ಬಿಬ್ಬಾಗುತ್ತಾರೆ; ಆದರೆ ಗಮನಿಸಿ ಓದಿದರೆ ಬಹುಪಾಲು ಮೆಯೋನೀಸ್‌ನ ಬೇರೆ ಬೇರೆ ವೇಷಗಳೇ. ವಿಯೆಟ್ನಾಮಿ ಅನಾನಸ್ ಮೆಯೋ ಎಲ್ಲರ ಬಾಯಲ್ಲೂ ಇದೆ, ನನಗೆ ಮಾತ್ರ ಅದರ ಸಿಹಿ ಆಲೂಗಡ್ಡೆಗೆ ಹೊಂದಿದಂತೆ ತೋರಲಿಲ್ಲ. ಮಾವಿನ ಚಟ್ನಿಯ ಮೆಯೋ ನಮ್ಮವರನ್ನು ಹೆಸರಿನಿಂದಲೇ ಸೆಳೆಯುತ್ತದೆ. ಚಟ್ನಿಯ ಖಾರವನ್ನು ನಿರೀಕ್ಷಿಸಬಾರದು. ರೋಸ್‌ಮೆರಿ–ಬೆಳ್ಳುಳ್ಳಿಯದು ಬೇಸರ ತರಿಸದ ಆಯ್ಕೆ. ಎಲ್ಲಕ್ಕಿಂತ ಸರಳವಾದ ‘ಫ್ರೀಟ್ ಸಾಸ್’, ಅಂದರೆ ಐರೋಪ್ಯ ಬಗೆಯ ಮೆಯೋನೀಸ್, ಮೇಲೆ ಹಸಿ ಈರುಳ್ಳಿ ಉದುರಿಸಿಕೊಂಡರೆ ನನ್ನ ಮಟ್ಟಿಗೆ ಸಾಕು.

ಸಸ್ಯಾಹಾರಿ ಕನ್ನಡಿಗರಿಗೆ ಕೆಲವು ಎಚ್ಚರಿಕೆಯ ಮಾತುಗಳು. ಸಾಂಪ್ರದಾಯಿಕ ಮೆಯೋನೀಸ್‌ನಲ್ಲಿ ಮೊಟ್ಟೆ ಇರುತ್ತದೆ. ಮೊಟ್ಟೆ ತಿನ್ನದವರು ಮೊಟ್ಟೆಯಿಲ್ಲದ ಸಾಸ್ ಯಾವುದೆಂದು ಕೇಳಿ ಪಡೆಯಬೇಕು, ಇಲ್ಲವೇ ಕೆಚಪ್ ಮತ್ತು ಮಾಲ್ಟ್ ವಿನೆಗರ್‌ಗೆ ತೃಪ್ತರಾಗಬೇಕು. ಪುಟೀನ್, ಅಂದರೆ ಫ್ರೈಸ್ ಮೇಲೆ ಚೀಸ್ ತುಣುಕು ಹಾಕಿ ಗ್ರೇವಿ ಸುರಿದ ಕೆನಡಾದ ತಿಂಡಿಯೂ ಇಲ್ಲುಂಟು. ಗ್ರೇವಿಯಲ್ಲಿ ಸಾಮಾನ್ಯವಾಗಿ ಮಾಂಸದ ಸಾರ ಇರುವುದರಿಂದ ವಿಚಾರಿಸದೆ ತೆಗೆದುಕೊಳ್ಳಬೇಡಿ. ಎಣ್ಣೆಯ ಬಗ್ಗೆಯೂ ಸಂಕೋಚವಿಲ್ಲದೆ ಕೇಳಿರಿ, ಏಕೆಂದರೆ ಬೆಲ್ಜಿಯಂನಲ್ಲಿ ದನದ ಕೊಬ್ಬಿನಲ್ಲಿ ಕರಿಯುವುದೇ ಹಳೆಯ ರೂಢಿ. ಇದು ಅತಿಯಾದ ಶಂಕೆಯೆನಿಸಿದರೆ ಅಮೆರಿಕದಲ್ಲೇ ನಡೆದ ಸಂಗತಿಯೊಂದಿದೆ: ಮೆಕ್‌ಡೊನಾಲ್ಡ್ಸ್ 1990ರಲ್ಲಿ ಸಸ್ಯಜನ್ಯ ಎಣ್ಣೆಗೆ ಬದಲಾಯಿಸಿತೆಂದು ಪ್ರಕಟಿಸಿದರೂ ಫ್ರೈಸ್‌ನಲ್ಲಿ ದನದ ಮಾಂಸದ ಸಾರವನ್ನು ರುಚಿಗಾಗಿ ಉಳಿಸಿಕೊಂಡಿತ್ತು, ಅದು ಬಯಲಾಗಿ ಹಿಂದೂಗಳೂ ಸಸ್ಯಾಹಾರಿಗಳೂ 2001ರಲ್ಲಿ ಮೊಕದ್ದಮೆ ಹೂಡಿದರು, ಮರುವರ್ಷ ಕಂಪನಿಯು ಕ್ಷಮೆ ಕೇಳಿ ಒಂದು ಕೋಟಿ ಡಾಲರ್ ಕೊಡಲು ಒಪ್ಪಿತು.

ಜಾಗ ಇಕ್ಕಟ್ಟು. ವಾರಾಂತ್ಯದ ತಡರಾತ್ರಿ, ಸುತ್ತಲಿನ ಪ್ರದರ್ಶನಗಳು ಮುಗಿದು ಜನ ಬೀದಿಗಿಳಿಯುವ ಹೊತ್ತಿನಲ್ಲಿ, ಒಳಗೆ ಕೂರುವ ಆಸೆಯನ್ನು ಬಿಡಬೇಕು. ವಾರದ ನಡುವಿನ ಮಧ್ಯಾಹ್ನಗಳಲ್ಲಿ ನಿರಾಳವಾಗಿ ರಂಧ್ರದ ಮೇಜು ಸಿಗುತ್ತದೆ. ಹಿರಿಯರನ್ನು ಕರೆದೊಯ್ಯುವವರು ಆ ಹೊತ್ತನ್ನೇ ಆರಿಸಿಕೊಳ್ಳುವುದು ಮೇಲು. ಇಬ್ಬರು ಹೋದರೆ ದೊಡ್ಡ ಶಂಕು ಒಂದು, ಸಾಸ್ ಎರಡು ಹೇಳಿರಿ. ಆಲೂಗಡ್ಡೆ ಹೊಟ್ಟೆ ತುಂಬಿಸುವಷ್ಟು ವೇಗವಾಗಿ ಬಾಯಿಯ ಆಸೆ ತೀರುವುದಿಲ್ಲವಾದ್ದರಿಂದ, ಆಳಿಗೊಂದು ಶಂಕು ತೆಗೆದುಕೊಂಡವರು ಅರ್ಧಕ್ಕೇ ಕೈಚೆಲ್ಲುವುದನ್ನು ಇಲ್ಲಿ ಆಗಾಗ ಕಾಣುತ್ತೇನೆ.